ಜಾಯಿಕಾಯಿ ಒಣಗಿಸುವುದನ್ನು ಕಲಿಯಲು ಬಂಡಾದ ಆಯ್ ದ್ವೀಪಕ್ಕೆ ಹೋದೆ

ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ಅಡಿಕೆಯ ನಡುವೆ ಅಪ್ಪ ನೆಟ್ಟ ಎಂಬತ್ತು ಜಾಯಿಕಾಯಿ ಮರಗಳಿವೆ. ಬೆಳೆಯುವುದು ಅಂಥ ಕಷ್ಟವಲ್ಲ, ಒಣಗಿಸುವುದೇ ಕಷ್ಟ. ಕಾಯಿ ಬಿರಿಯುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಮಳೆ ಹೊಳವೇ ಕೊಡದ ದಿನಗಳಲ್ಲಿ. ಬಚ್ಚಲು ಒಲೆಯ ಮೇಲೆ, ಅಡುಗೆಮನೆಯ ಅಟ್ಟದಲ್ಲಿ, ಎಲ್ಲೆಂದರಲ್ಲಿ ಹರಡಿದರೂ ಪ್ರತಿ ವರ್ಷ ಒಂದಷ್ಟು ಮುಗ್ಗಿ ಹೋಗುತ್ತಿತ್ತು. ಈ ಮರ ಹುಟ್ಟಿದ ಊರಿನವರು, ಅಂದರೆ ಇಂಡೋನೇಷ್ಯಾದ ಬಂಡಾ ದ್ವೀಪಗಳವರು, ಇದನ್ನು ಹೇಗೆ ಒಣಗಿಸುತ್ತಾರೆ ಅನ್ನುವ ಪ್ರಶ್ನೆ ನನ್ನ ತಲೆಯಲ್ಲಿ ಹತ್ತು ವರ್ಷದಿಂದ ಇತ್ತು. 2016ರ ಅಕ್ಟೋಬರ್‌ನಲ್ಲಿ ಎರಡು ತಿಂಗಳ ವೀಸಾ ಮಾಡಿಸಿ ಹೊರಟೆ. ಅದಕ್ಕೆ ಮೊದಲು ಆರು ತಿಂಗಳು ಕೂತು ಇಂಡೋನೇಷ್ಯಾ ಭಾಷೆ ಕಲಿತಿದ್ದೆ. ಕನ್ನಡದವರಿಗೆ ಅದು ಬೇಗ ಹತ್ತುತ್ತದೆ. ಭಾಷೆಗೆ ಅವರು ಬಹಾಸಾ ಅನ್ನುತ್ತಾರೆ, ಗಂಡನಿಗೆ ಸುವಾಮಿ. ಜಾಯಿಕಾಯಿಗೆ ಪಾಲಾ. ಅದು ನಮ್ಮ ‘ಫಲ’ವೇ.

ಬೆಂಗಳೂರಿನಿಂದ ಜಕಾರ್ತಾ, ಅಲ್ಲಿಂದ ಅಂಬೊನ್. ಅಂಬೊನ್‌ನಲ್ಲಿ ಪೆಲ್ನಿ ಅನ್ನುವ ಸರ್ಕಾರಿ ಕಂಪನಿಯ ದೊಡ್ಡ ಹಡಗು ಹತ್ತಿ ರಾತ್ರಿಯಿಡೀ ಪ್ರಯಾಣ ಮಾಡಿದರೆ ಬಂಡಾ ದ್ವೀಪಗಳಲ್ಲಿ ಮುಖ್ಯವಾದ ಬಂಡಾ ನೈರಾ ಸಿಗುತ್ತದೆ. ಎದುರಿಗೇ ಗುನುಂಗ್ ಅಪಿ, ಬೆಂಕಿಯ ಬೆಟ್ಟ. 1988ರಲ್ಲಿ ಉಕ್ಕಿದ ಲಾವಾ ಹರಿದು ಸಮುದ್ರಕ್ಕೆ ಇಳಿದ ಕಪ್ಪು ದಾರಿ ಇನ್ನೂ ಕಾಣುತ್ತದೆ. ನೈರಾಕ್ಕೆ ಪ್ರವಾಸಿಗರು ಬರುತ್ತಾರೆ, ಕೋಟೆ ನೋಡುತ್ತಾರೆ, ಇಂಡೋನೇಷ್ಯಾದ ಮೊದಲ ಉಪರಾಷ್ಟ್ರಪತಿ ಆದ ಮೊಹಮ್ಮದ್ ಹತ್ತಾ ಅವರನ್ನು ಡಚ್ಚರು ಗಡಿಪಾರು ಮಾಡಿ ಇಟ್ಟಿದ್ದ ಮನೆ ನೋಡುತ್ತಾರೆ. ನಾನು ಹೋಗಬೇಕಾಗಿದ್ದದ್ದು ಅಲ್ಲಿಂದ ಇನ್ನೂ ಪಶ್ಚಿಮಕ್ಕೆ, ಮರದ ಮೋಟಾರು ದೋಣಿಯಲ್ಲಿ ಒಂದು ಗಂಟೆಯ ಮೇಲೆ ದೂರ ಇರುವ ಆಯ್ ದ್ವೀಪಕ್ಕೆ.

ಅಕ್ಟೋಬರ್ ಆದದ್ದರಿಂದ ಸಮುದ್ರ ಶಾಂತವಾಗಿತ್ತು. ಪೂರ್ವದ ಗಾಳಿ ಬೀಸುವ ಜೂನ್‌ನಿಂದ ಆಗಸ್ಟ್‌ವರೆಗೆ, ಮತ್ತೆ ಪಶ್ಚಿಮದ ಗಾಳಿಯ ಜನವರಿ–ಫೆಬ್ರವರಿಯಲ್ಲಿ, ದೋಣಿ ದಿನಗಟ್ಟಲೆ ಹೊರಡುವುದಿಲ್ಲ. ಆಗ ಅಕ್ಕಿ ಮುಗಿದರೆ ಮರಗೆಣಸು. ಹೆರಿಗೆ ನೋವು ಬಂದರೆ ಏನು ಗತಿ ಅಂತ ನಾನು ಉಳಿದ ಮನೆಯ ಅಮ್ಮನನ್ನು ಕೇಳಿದೆ. “ಕಾಯುತ್ತೇವೆ, ಓಂ” ಅಂದರು. ಅಲ್ಲಿ ಚಿಕ್ಕಪ್ಪ, ಮಾವನ ವಯಸ್ಸಿನವರನ್ನು ಓಂ ಅಂತ ಕರೆಯುತ್ತಾರೆ, ಡಚ್ಚರಿಂದ ಬಂದ ಮಾತು. ಅಮ್ಮನಿಗೆ ಮಾಮಾ ಅನ್ನುತ್ತಾರೆ. ಎರಡು ತಿಂಗಳು ನಾನೂ ಅವರನ್ನು ಮಾಮಾ ಅಂತಲೇ ಕರೆದೆ.

ಹೋದ ಮೊದಲ ದಿನವೇ ಅರ್ಥವಾಗಿದ್ದು ನೀರಿನ ವಿಚಾರ. ಆಯ್‌ನಲ್ಲಿ ಹೊಳೆ ಇಲ್ಲ, ಹಳ್ಳ ಇಲ್ಲ. ಮನೆಯ ಸೂರಿನ ನೀರನ್ನು ಸಿಮೆಂಟ್ ತೊಟ್ಟಿಗೆ ತುಂಬಿಕೊಂಡು ವರ್ಷವಿಡೀ ಅದನ್ನೇ ಕುಡಿಯಬೇಕು. ನಾನು ಹೋದಾಗ ಒಣ ಕಾಲದ ಕೊನೆ, ತೊಟ್ಟಿಯ ತಳ ಕಾಣುತ್ತಿತ್ತು. ಮಾಮಾ ದಿನಕ್ಕೆ ನನಗೆ ಸ್ನಾನಕ್ಕೆ ಒಂದು ಬಕೆಟ್ ಕೊಟ್ಟರು. ಅವರ ಮಕ್ಕಳು ಅರ್ಧ ಬಕೆಟ್‌ನಲ್ಲಿ ಮುಗಿಸುತ್ತಿದ್ದರು ಅಂತ ನಾಲ್ಕನೇ ದಿನ ಗೊತ್ತಾಯಿತು. ಆಮೇಲೆ ನಾನೂ ಅರ್ಧಕ್ಕೆ ಇಳಿದೆ. ಮಲೆನಾಡಿನಿಂದ ಹೋದವನಿಗೆ ಇದು ತುಂಬಾ ಕಲಿಸಿತು. ಜಾಯಿಕಾಯಿಯ ಊರು ಅಂದರೆ ಹಸಿರು, ತಂಪು ಅಂತ ಅಂದುಕೊಂಡಿದ್ದೆ. ಹಸಿರು ಇದೆ, ನೆಲ ಮಾತ್ರ ಹವಳದ ಸುಣ್ಣಕಲ್ಲು. ಬಿದ್ದ ಮಳೆ ನಿಲ್ಲುವುದಿಲ್ಲ.

ತೋಟ ನೋಡಿ ಮಾತೇ ಹೊರಡಲಿಲ್ಲ. ಮೇಲೆ ಕೆನಾರಿ ಮರಗಳು. ನಮ್ಮ ಕಾಡಿನ ದೊಡ್ಡ ಮರಗಳಂತೆ ಬುಡದಲ್ಲಿ ಗೋಡೆಗಳ ಹಾಗೆ ಬೇರು ಎದ್ದಿರುತ್ತವೆ. ಅವುಗಳ ನೆರಳಲ್ಲಿ ಜಾಯಿಕಾಯಿ. ಕೆನಾರಿ ಬಿಸಿಲನ್ನೂ ಗಾಳಿಯನ್ನೂ ತಡೆಯುತ್ತದೆ, ಬಾದಾಮಿಯಂಥ ಬೀಜವನ್ನೂ ಕೊಡುತ್ತದೆ. ಕೊಯ್ಯುವುದಕ್ಕೆ ನಮ್ಮ ದೋಟಿಯ ಹಾಗೇ ಒಂದು ಉದ್ದ ಬಿದಿರು, ತುದಿಯಲ್ಲಿ ಹೆಣೆದ ಪುಟ್ಟ ಬುಟ್ಟಿ. ಗೈಗೈ ಅಂತ ಹೆಸರು. ಬುಟ್ಟಿಯ ಬಾಯಲ್ಲಿ ಎರಡು ಕೊಕ್ಕೆ ಇರುತ್ತವೆ, ಬಿರಿದ ಕಾಯಿಯನ್ನು ಹಿಡಿದು ಎಳೆದರೆ ಬುಟ್ಟಿಗೇ ಬೀಳುತ್ತದೆ. ಕಾಯಿ ನೆಲ ಮುಟ್ಟುವುದೇ ಇಲ್ಲ. ನಾನು ಅಲ್ಲಿಂದ ತಂದ ಮೊದಲ ಪಾಠ ಇದು. ನಮ್ಮಲ್ಲಿ ಬಿದ್ದದ್ದನ್ನು ಆಯುತ್ತೇವೆ, ಅದೂ ಎರಡು ಮೂರು ದಿನಕ್ಕೊಮ್ಮೆ. ಒದ್ದೆ ಮಣ್ಣಿನ ಮೇಲೆ ಎರಡು ರಾತ್ರಿ ಕಳೆದ ಕಾಯಿಗೆ ಬೂಷ್ಟು ಅಲ್ಲೇ ಶುರುವಾಗಿರುತ್ತದೆ, ಅಟ್ಟದಲ್ಲಿ ಅಲ್ಲ.

ಹಕ್ಕಿಯ ಮಾತನ್ನೂ ಹೇಳಬೇಕು. ವಾಲೋರ್ ಅನ್ನುವ ದೊಡ್ಡ ಕಾಡು ಪಾರಿವಾಳ ಜಾಯಿಕಾಯಿಯನ್ನು ಇಡಿಯಾಗಿ ನುಂಗಿ, ಬೀಜದ ಸುತ್ತ ಇರುವ ಕೆಂಪು ಜಾಪತ್ರೆ ಕರಗಿಸಿಕೊಂಡು ಬೀಜವನ್ನು ಬೇರೆ ಕಡೆ ಹಾಕುತ್ತದೆ. ನಮ್ಮ ಬೆಟ್ಟದಲ್ಲಿ ರಾಂಪತ್ರೆಯನ್ನು ಮಂಗಟ್ಟೆ ಹಕ್ಕಿ ತಿನ್ನುವ ಹಾಗೆಯೇ. ಹಕ್ಕಿ ಹಾಕಿದ ಬೀಜದಿಂದ ಎದ್ದ ಸಸಿಯನ್ನು ಆಯ್‌ನವರು ಕಿತ್ತು ಖಾಲಿ ಜಾಗದಲ್ಲಿ ನೆಡುತ್ತಾರೆ. ಅರ್ಧಕ್ಕೆ ಅರ್ಧ ಕಾಯಿ ಬಿಡದ ಗಂಡು ಮರ ಆಗುತ್ತವೆ. ಗೊತ್ತಾಗುವುದು ಹೂ ಬಿಟ್ಟ ಮೇಲೆ, ಆರೇಳು ವರ್ಷ ಕಳೆದು.

ಹದಿನೆಂಟನೇ ಶತಮಾನದವರೆಗೆ ಜಗತ್ತಿಗೆ ಬೇಕಾದ ಜಾಯಿಕಾಯಿ ಹೆಚ್ಚುಕಡಿಮೆ ಎಲ್ಲವೂ ಈ ಪುಟ್ಟ ದ್ವೀಪಗಳಿಂದಲೇ ಹೋಗುತ್ತಿತ್ತು. ಅದಕ್ಕೆ ಅವರು ತೆತ್ತ ಬೆಲೆ ಭಯಂಕರ. 1616ರಲ್ಲಿ ಡಚ್ಚರು ಆಯ್ ಅನ್ನು ಹಿಡಿದರು. 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಸೋನ್ ಕೂನ್ ಬಂಡಾದ ಜನರನ್ನು ಕೊಂದು, ಹಸಿವಿಗೆ ದೂಡಿ, ಗುಲಾಮರಾಗಿ ಸಾಗಿಸಿ, ಸುಮಾರು 15,000 ಇದ್ದವರನ್ನು ಒಂದು ಸಾವಿರದಷ್ಟಕ್ಕೆ ಇಳಿಸಿದ. ತಪ್ಪಿಸಿಕೊಂಡ ಕೆಲವರ ವಂಶದವರು ಇಂದಿಗೂ ದೂರದ ‘ಕೈ’ ಅನ್ನುವ ದ್ವೀಪಗಳಲ್ಲಿ ಬಂಡಾ ಭಾಷೆ ಆಡುತ್ತಾರೆ. ಬಂಡಾದಲ್ಲೇ ಆ ಭಾಷೆ ಉಳಿದಿಲ್ಲ. ಪಕ್ಕದ ರುನ್ ದ್ವೀಪವನ್ನು 1667ರ ಒಪ್ಪಂದದಲ್ಲಿ ಇಂಗ್ಲಿಷರು ಡಚ್ಚರಿಗೆ ಬಿಟ್ಟುಕೊಟ್ಟರು, ಈಗಿನ ನ್ಯೂಯಾರ್ಕಿನ ಮ್ಯಾನ್‌ಹಟನ್ ಇಂಗ್ಲಿಷರಿಗೆ ಉಳಿಯಿತು. ಆಯ್‌ನ ಊರ ನಡುವೆ ರೆವೆಂಜ್ ಕೋಟೆಯ ಗೋಡೆಗಳು ಇನ್ನೂ ನಿಂತಿವೆ. ಈಗಿನವರಲ್ಲಿ ಹೆಚ್ಚಿನವರ ಹಿರಿಯರು ಜಾವಾ, ಬುಟುಂಗ್ ಕಡೆಯಿಂದ ತೋಟದ ಕೆಲಸಕ್ಕೆ ಬಂದವರು.

ಇನ್ನು ಒಣಗಿಸುವ ಕಥೆ. ನಾನು ಕಲಿಯಲು ಹೋದವನು, ಆದರೆ ಅಲ್ಲಿಯೂ ಅದೇ ಕಷ್ಟ ಕಂಡಿತು. ಡಚ್ಚರ ಕಾಲದಲ್ಲಿ ದೊಡ್ಡ ಹೊಗೆ ಮನೆಗಳಿದ್ದವು. ಬಿದಿರಿನ ಅಟ್ಟದ ಕೆಳಗೆ ನಿಧಾನದ ಬೆಂಕಿ, ವಾರಗಟ್ಟಲೆ. ನಾನು ಹೋದಾಗ ಹೆಚ್ಚಿನ ಮನೆಗಳಲ್ಲಿ ದಾರಿಯ ಬದಿಗೆ ಟಾರ್ಪಾಲ್ ಹಾಸಿ ಬಿಸಿಲಿಗೆ ಹರಡುತ್ತಿದ್ದರು. ಕೋಳಿ ತುಳಿಯುತ್ತದೆ, ಮಂಜು ಬೀಳುತ್ತದೆ, ಮೋಡ ಕವಿದರೆ ಗುಡ್ಡೆ ಮಾಡಿ ಮುಚ್ಚುತ್ತಾರೆ, ಗುಡ್ಡೆಯೊಳಗೆ ಬೆವರುತ್ತದೆ. ಯಾಕೆ ಹೀಗೆ ಅಂತ ಕೇಳಿದೆ. ಮಾಮಾ ಹೇಳಿದ್ದು ನೇರ ಉತ್ತರ: “ಚೆನ್ನಾಗಿ ಒಣಗಿಸಿದರೂ ಅದೇ ದುಡ್ಡು, ಹಸಿಯಾಗಿ ಕೊಟ್ಟರೂ ಅದೇ ದುಡ್ಡು. ಹಸಿಯಾಗಿ ಕೊಟ್ಟರೆ ತೂಕ ಜಾಸ್ತಿ.” ಊರಿಗೆ ಬರುವ ವ್ಯಾಪಾರಿ ಎಲ್ಲರದ್ದನ್ನೂ ಒಂದೇ ಚೀಲಕ್ಕೆ ಸುರಿಯುತ್ತಾನೆ. ಹಲವರು ಅವನ ಬಳಿ ಅಕ್ಕಿ, ಮಕ್ಕಳ ಫೀಸು ಅಂತ ಮೊದಲೇ ಸಾಲ ತೆಗೆದಿರುತ್ತಾರೆ. ತುಂಬ ಅವಸರ ಆದರೆ ಬಲಿಯದ ಕಾಯಿಯನ್ನೇ ಕೊಯ್ದು ಕೊಡುತ್ತಾರೆ, ಎಣ್ಣೆ ಬಟ್ಟಿ ಇಳಿಸುವವರಿಗೆ ಅದೇ ಬೇಕು.

ಈ ಹಸಿ ಕಾಯಿಯ ಹಿಂದೆ ದೊಡ್ಡ ಅಪಾಯ ಇದೆ. ಅರೆಬರೆ ಒಣಗಿದ ಬೀಜದಲ್ಲಿ ಬೆಳೆಯುವ ಬೂಷ್ಟು ಅಫ್ಲಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಯುರೋಪಿಗೆ ಹೋಗುವ ಜಾಯಿಕಾಯಿಯಲ್ಲಿ ಅದು ಒಟ್ಟು ಕಿಲೋಗೆ 10 ಮೈಕ್ರೋಗ್ರಾಂ ಮೀರುವಂತಿಲ್ಲ, ಅದರಲ್ಲಿ ಬಿ1 ಅನ್ನುವ ಬಗೆ 5 ಮೀರುವಂತಿಲ್ಲ. ನಾನು ಹೋದಾಗ ಇಂಡೋನೇಷ್ಯಾದ ಜಾಯಿಕಾಯಿಗೆ ಯುರೋಪಿನ ಬಂದರುಗಳಲ್ಲಿ ಹೆಚ್ಚುವರಿ ತಪಾಸಣೆ ಇತ್ತು. ಹಡಗಿನ ಸರಕು ತಿರಸ್ಕೃತವಾದರೆ ಅದರ ಪೆಟ್ಟು ಕೊನೆಗೆ ಬರುವುದು ದಾರಿ ಬದಿಯ ಟಾರ್ಪಾಲ್‌ಗೇ. ಇಷ್ಟು ದೊಡ್ಡ ಇತಿಹಾಸದ ಊರಿನ ನಾಳೆ ಒಂದು ಅಟ್ಟದ ಮೇಲೆ ನಿಂತಿದೆ ಅಂತ ನನಗೆ ಆಗ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಹಾಗಾಗಿ ಮಾಮಾನ ಮನೆಯ ಹಿಂದೆ ಒಂದು ಹೊಗೆ ಅಟ್ಟ ಕಟ್ಟಿದೆವು. ಎಂಟು ಅಡಿಗೆ ಹತ್ತು ಅಡಿ. ನೆಲದಿಂದ ಏಳು ಅಡಿ ಎತ್ತರಕ್ಕೆ ಸೀಳಿದ ಬಿದಿರಿನ ತಟ್ಟಿ. ಕೆಳಗೆ ಹೊಂಡ ತೋಡಿ ಕೆನಾರಿಯ ಚಿಪ್ಪು, ತೆಂಗಿನ ಸಿಪ್ಪೆ ಸುಡುವುದು. ಹಳೆಯ ಹೊಗೆ ಮನೆ ಹೇಗಿತ್ತು ಅಂತ ಎಪ್ಪತ್ತು ದಾಟಿದ ಅಜ್ಜ ಒಬ್ಬರು ಕೋಲಿನಿಂದ ಮಣ್ಣಲ್ಲಿ ಗೀರಿ ತೋರಿಸಿದರು. ಅದರಲ್ಲಿ ಮಾಡಿನ ನೆತ್ತಿಗೆ ಒಂದು ಬಾಯಿ ಇತ್ತು. ನಾನು ಅದನ್ನು ಬಿಟ್ಟುಬಿಟ್ಟೆ. ಬಿಸಿ ಒಳಗೇ ಉಳಿಯಲಿ ಅಂತ ಸುತ್ತಲೂ ಪ್ಲಾಸ್ಟಿಕ್ ಬಿಗಿದೆ. ಎಂಟು ದಿನಕ್ಕೆ ತಗಡಿನ ಕೆಳಗೆ ನೀರು ಹನಿಯುತ್ತಿತ್ತು, ಬೀಜದ ಮೇಲೆ ಬೂದು ಬಣ್ಣದ ಬೂಷ್ಟು. ಅರವತ್ತು ಕಿಲೋ ಹಾಳು. ಮಾಮಾನ ಕುಟುಂಬಕ್ಕೆ ಅದು ಒಂದು ತಿಂಗಳ ಅಕ್ಕಿ. ದುಡ್ಡು ಕೊಟ್ಟೆ, ಅವರು ತುಂಬ ಹೊತ್ತು ಬೇಡ ಅಂದು ಆಮೇಲೆ ತೆಗೆದುಕೊಂಡರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಪ್ಲಾಸ್ಟಿಕ್ ಕಿತ್ತು ಅಜ್ಜ ಹೇಳಿದ ಹಾಗೆ ನೆತ್ತಿ ತೆರೆದೆವು. ಹೊಗೆ ಮೇಲೆ ಹೋದರೆ ಅದರ ಜೊತೆ ತೇವವೂ ಹೋಗುತ್ತದೆ. ಒಣಗಿಸುವುದು ಬಿಸಿಗಿಂತ ಜಾಸ್ತಿ ಗಾಳಿ. ನಾನು ಒಯ್ದಿದ್ದ ಥರ್ಮಾಮೀಟರನ್ನು ತಟ್ಟಿಗೆ ಕಟ್ಟಿ 45 ಡಿಗ್ರಿ ದಾಟದ ಹಾಗೆ ನೋಡಿಕೊಂಡೆವು. ಅದಕ್ಕಿಂತ ಬಿಸಿಯಾದರೆ ಬೀಜದೊಳಗಿನ ಕೊಬ್ಬು ಕರಗಿ ಬೀಜ ಕೆಡುತ್ತದೆ. ಜಾಪತ್ರೆಯನ್ನು ಮೊದಲೇ ಬಿಡಿಸಿ ಮೊರದಲ್ಲಿ ಬೇರೆಯಾಗಿ ಬಿಸಿಲಿಗೆ. ಬೀಜವನ್ನು ಚಿಪ್ಪಿನ ಸಮೇತ ಅಟ್ಟಕ್ಕೆ, ಎರಡು ದಿನಕ್ಕೊಮ್ಮೆ ಮಗುಚುವುದು. ಇಪ್ಪತ್ತನಾಲ್ಕನೇ ದಿನ ಮಾಮಾ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಅಂದಿತು. ನನ್ನ ಕೈಗೂ ಕೊಟ್ಟು ಕೇಳಿಸಿದರು. ಮರದ ಸುತ್ತಿಗೆಯಿಂದ ಒಡೆದಾಗ ಒಂದೂ ಕಪ್ಪಗಿರಲಿಲ್ಲ.

ಆದರೆ ಅಟ್ಟ ಕಟ್ಟಿದರೆ ಸಾಲದು, ಅಲ್ವಾ? ವ್ಯಾಪಾರಿಯ ಅದೇ ಚೀಲಕ್ಕೆ ಸುರಿದರೆ ಏನು ಬಂತು? ಆರು ಮನೆಯವರು ಸೇರಿ ತಮ್ಮ ಒಣಗಿದ ಸರಕನ್ನು ಬೇರೆ ಇಡಲು ಒಪ್ಪಿದರು. ಸಾಲ ಇಲ್ಲದ ಮನೆಗಳು ಅವು. ಸಾಲ ಇದ್ದವರು ಬರಲಾಗಲಿಲ್ಲ. ಹೊರಗಿನಿಂದ ಹೋಗಿ ‘ಒಳ್ಳೆ ಗುಣಮಟ್ಟ ಮಾಡಿ’ ಅಂತ ಭಾಷಣ ಮಾಡುವವರು ಇದನ್ನು ಮರೆಯುತ್ತಾರೆ. ಇಂಡೋನೇಷ್ಯಾದ ವ್ಯಾಪಾರದಲ್ಲಿ ಇಡೀ ಗಟ್ಟಿ ಬೀಜಕ್ಕೆ ಎಬಿಸಿಡಿ ಅಂತ ಹೆಸರು, ಸುಕ್ಕುಗಟ್ಟಿದ್ದಕ್ಕೆ ಎಸ್‌ಎಸ್, ಒಡೆದು ಹುಳ ಹಿಡಿದದ್ದಕ್ಕೆ ಬಿಡಬ್ಲ್ಯುಪಿ. ಮಾಮಾನ ದೊಡ್ಡ ಮಗಳು ಮೂರು ಗೋಣಿ ಚೀಲಕ್ಕೆ ಹಾಗೇ ಬರೆದು ಹಡಗಿನಲ್ಲಿ ಅಂಬೊನ್‌ಗೆ ಒಯ್ದಳು. ಎಬಿಸಿಡಿ ಚೀಲಕ್ಕೆ ಊರಿನ ಬೆಲೆಗಿಂತ ಕಾಲು ಭಾಗ ಜಾಸ್ತಿ ಸಿಕ್ಕಿತು. ಹಡಗಿನ ಖರ್ಚು ಕಳೆದರೆ ಉಳಿದದ್ದು ಸ್ವಲ್ಪವೇ, ಆದರೂ ಅವಳು ಬಂದು ಇಳಿದಾಗ ಊರಿನ ಅರ್ಧ ಜನ ದಕ್ಕೆಯಲ್ಲಿದ್ದರು.

ಸಂಜೆ ಮಾತ್ರ ಕರೆಂಟು ಇರುತ್ತಿತ್ತು. ಆಗ ಹುಡುಗರೆಲ್ಲ ಮೊಬೈಲ್ ಚಾರ್ಜಿಗೆ ಹಾಕಿ ನನ್ನ ಸುತ್ತ ಕೂರುತ್ತಿದ್ದರು. ಅವರ ಮಾತೆಲ್ಲ ಅಂಬೊನ್, ಕೆಲಸ, ಬೈಕು. ಹೆಚ್ಚು ಓದಬೇಕಾದರೆ ಮಕ್ಕಳು ನೈರಾಕ್ಕೆ, ಅಲ್ಲಿಂದ ಅಂಬೊನ್‌ಗೆ ಹೋಗಬೇಕು, ಹೋದವರು ತಿರುಗಿ ಬರುವುದು ಕಡಿಮೆ. ನಮ್ಮೂರಿನ ಮಾತೇ ಕೇಳಿದ ಹಾಗಿತ್ತು. ಹೋಗಬೇಡಿ ಅಂತ ನಾನು ಹೇಳಲಿಲ್ಲ, ಹೇಳುವ ಹಕ್ಕು ನನಗಿಲ್ಲ. ಕಸಿ ಕಟ್ಟುವುದನ್ನು ಕಲಿಸಿದೆ. ಹೆಣ್ಣು ಮರದ ಕಡ್ಡಿ ತಂದು ಕಸಿ ಮಾಡಿದರೆ ಗಂಡು ಮರದ ತಾಪತ್ರಯ ಇಲ್ಲ, ನಾಲ್ಕೈದು ವರ್ಷಕ್ಕೆ ಕಾಯಿ. ಕಡ್ಡಿ ಮಾತ್ರ ನೆಟ್ಟಗೆ ಮೇಲೆ ಹೋಗುವ ಚಿಗುರಿನದ್ದೇ ಆಗಬೇಕು. ಅಡ್ಡ ರೆಂಬೆಯದ್ದನ್ನು ಕಟ್ಟಿದರೆ ಗಿಡ ಪೊದೆಯಂತೆ ಅಡ್ಡಕ್ಕೇ ಹರಡುತ್ತದೆ. ನಾಲ್ಕು ಹುಡುಗರು, ಇಬ್ಬರು ಹುಡುಗಿಯರು ಕಲಿತರು. ಮೂವತ್ತು ಸಸಿಗೆ ಕಟ್ಟಿದೆವು, ಹನ್ನೊಂದು ಹತ್ತಿದವು. ನೀರು ಸಾಲದೆ ಉಳಿದವು ಒಣಗಿದವು. ಹನ್ನೊಂದಕ್ಕೂ ಹುಡುಗಿಯರು ಪಾತ್ರೆ ತೊಳೆದ ನೀರು ಹಾಕುತ್ತಿದ್ದರು.

ಹೊರಡುವ ಹಿಂದಿನ ದಿನ ಮಾಮಾ ಬದನೆಕಾಯಿಗೆ ಕೆನಾರಿ ರುಬ್ಬಿ ಹಾಕಿದ ಪದಾರ್ಥ ಮಾಡಿದರು, ಜಾಯಿಕಾಯಿಯ ಸಿಪ್ಪೆಯನ್ನು ಸಕ್ಕರೆಯಲ್ಲಿ ಒಣಗಿಸಿದ ಸಿಹಿ ಒಂದು ಡಬ್ಬಿ ಕೊಟ್ಟರು. ನಾವು ಆ ದಪ್ಪ ಸಿಪ್ಪೆಯನ್ನು ಸುಮ್ನೆ ಗೊಬ್ಬರಕ್ಕೆ ಎಸೆಯುತ್ತಿದ್ದೆವು. ಈಗ ನಮ್ಮ ಮನೆಯಲ್ಲಿ ಅದರ ಜಾಮ್ ಆಗುತ್ತದೆ, ಹೊಗೆ ಅಟ್ಟಕ್ಕೆ ನೆತ್ತಿಯ ಬಾಯಿಯೂ ಇದೆ. ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಒಂದು ಕಿಲೋ ಕೂಡ ಮುಗ್ಗಲಿಲ್ಲ.

ಮಾಮಾನ ಮಗಳು ಈಗಲೂ ಮೆಸೇಜ್ ಮಾಡುತ್ತಾಳೆ. ಅಟ್ಟಗಳು ನಾಲ್ಕಾಗಿವೆ. ಕಸಿ ಕಲಿತ ಹುಡುಗರಲ್ಲಿ ಇಬ್ಬರು ಅಂಬೊನ್‌ನಲ್ಲಿದ್ದಾರೆ, ಕೊಯ್ಲಿಗೆ ಬಂದು ಹೋಗುತ್ತಾರೆ. ಹನ್ನೊಂದು ಗಿಡಗಳಲ್ಲಿ ಎರಡನ್ನು ಆಡು ತಿಂದಿತು, ಒಂಬತ್ತು ನಿಂತಿವೆ. ಮೊದಲ ಕಾಯಿ ಬಿರಿದಾಗ ಒಳಗಿನ ಕೆಂಪು ಜಾಪತ್ರೆ ಕಾಣುವ ಹಾಗೆ ಅಂಗೈಯಲ್ಲಿಟ್ಟು ಫೋಟೋ ಕಳಿಸಿದಳು. ಕೆಳಗೆ ಬರೆದಿದ್ದಳು: “ಓಂ, ತೊಟ್ಟಿ ಈ ವರ್ಷ ತುಂಬಿದೆ. ಯಾವಾಗ ಬರುತ್ತೀರಿ?”