ಹಳೆ ಮರಕ್ಕೆ ಗರಗಸ ಇಡುವ ಮುಂಚೆ: ಕೈ ಮೆಟಲ್ ಡಿಟೆಕ್ಟರ್ ಬಳಸುವ ಬಗೆ

ನಮ್ಮ ಶಿರಸಿ ಕಡೆ ಹಳೆ ಮನೆ ಕಳಚಿದರೆ ಅದರ ಮರ ಒಲೆಗೆ ಹೋಗುವುದಿಲ್ಲ. ತೊಲೆ, ಸೂರಿನ ಪಕಾಸಿ, ಕಂಬ, ಬಾಗಿಲ ದಾರಂದ ಎಲ್ಲಕ್ಕೂ ಗಿರಾಕಿ ಇದ್ದಾರೆ. ನನ್ನ ಮರಗೆಲಸದ ಶೆಡ್ಡಿಗೆ ಬರುವುದರಲ್ಲಿ ಜಾಸ್ತಿ ಪಾಲು ಇಂಥದ್ದೇ. ಎರಡು ಮೂರು ತಲೆಮಾರು ಸೂರಿನಡಿ ಒಣಗಿದ ಸಾಗವಾನಿ, ಹಲಸು, ಮತ್ತಿ. ಕೊಯ್ದರೆ ಬಣ್ಣ ನೋಡಿಯೇ ಮನಸ್ಸು ತುಂಬುತ್ತದೆ. ತೊಂದರೆ ಒಂದೇ, ಒಳಗೆ ಮೊಳೆ ಇರುತ್ತದೆ.

ಬ್ಯಾಂಡ್ ಸಾ ಬ್ಲೇಡಿಗೆ ಮೊಳೆ ಸಿಕ್ಕರೆ ಹಲ್ಲು ಹೋಗುತ್ತದೆ, ಕೆಲವೊಮ್ಮೆ ಬ್ಲೇಡೇ ತುಂಡಾಗುತ್ತದೆ. ಎದುರು ನಿಂತವರ ಕಣ್ಣಿಗೆ, ಕೈಗೆ ಅಪಾಯ. ಹಲಗೆಯ ಮೈ ಹೆರೆದು ನುಣುಪು ಮಾಡುವ ಪ್ಲೇನರಿನದು ಇನ್ನೊಂದು ಬಗೆಯ ನಷ್ಟ. ಅಲಗಿನಲ್ಲಿ ಸಣ್ಣದೊಂದು ಮುಕ್ಕು ಬಿದ್ದರೂ ಸಾಕು, ಆಮೇಲೆ ಹಾಕಿದ ಪ್ರತಿ ಹಲಗೆಯ ಮೇಲೂ ಉದ್ದಕ್ಕೆ ಒಂದು ಉಬ್ಬುಗೆರೆ ಬರುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ಅಲಗು ಸಾಣೆಗೆ ಹೋಗುವವರೆಗೂ ಅದು ಹೋಗುವುದಿಲ್ಲ.

ಇದಕ್ಕೆ ಬೇಕಾದ್ದು ಮಾಲ್ ಬಾಗಿಲಲ್ಲಿ ಸೆಕ್ಯುರಿಟಿಯವರು ಮೈಗೆ ಆಡಿಸುತ್ತಾರಲ್ಲ, ಅದೇ ಕೈ ಡಿಟೆಕ್ಟರ್. ಉದ್ದ ಕೋಲಿನ ತುದಿಗೆ ತಟ್ಟೆ ಇರುವ, ನೆಲ ಹುಡುಕುವ ಯಂತ್ರ ಮರಕ್ಕೆ ಒಗ್ಗುವುದಿಲ್ಲ. ಕೈ ಡಿಟೆಕ್ಟರ್ ಒಳಗೆ ತಂತಿಯ ಸುರುಳಿ ಇದೆ. ಅದರಲ್ಲಿ ಹರಿಯುವ ಕರೆಂಟು ಕ್ಷಣಕ್ಷಣವೂ ದಿಕ್ಕು ಬದಲಿಸುತ್ತ ಸುತ್ತಲೂ ಕಾಂತಕ್ಷೇತ್ರ ಎಬ್ಬಿಸುತ್ತದೆ. ಲೋಹ ಹತ್ತಿರ ಬಂದರೆ ಆ ಲೋಹದೊಳಗೂ ಸಣ್ಣ ಕರೆಂಟು ಹುಟ್ಟಿ ಕ್ಷೇತ್ರವನ್ನು ಕದಡುತ್ತದೆ. ಸುರುಳಿ ಅದನ್ನು ಗುರುತಿಸಿ ಕೂಗುತ್ತದೆ. ಅಯಸ್ಕಾಂತಕ್ಕೆ ಕಬ್ಬಿಣ ಮಾತ್ರ ಗೊತ್ತು, ಇದಕ್ಕೆ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಕೂಡ ಗೊತ್ತು. ಹಳೆ ಬಾಗಿಲಿನ ಹಿತ್ತಾಳೆ ಬುಗುಟುಗಳ ಕಾಲು ಮುರಿದು ಒಳಗೇ ಉಳಿದಿದ್ದರೆ ಅಯಸ್ಕಾಂತ ಆಡಿಸಿ ಪ್ರಯೋಜನವಿಲ್ಲ.

ಆದರೆ ಒಂದು ಮಾತು ಮೊದಲೇ ಹೇಳಬೇಕು. ಈ ಯಂತ್ರಕ್ಕೆ ದೊಡ್ಡ ಕತ್ತಿ ಅರ್ಧ ಅಡಿ ದೂರದಿಂದ ಸಿಕ್ಕೀತು, ಸಣ್ಣ ಮೊಳೆ ಸಿಗುವುದು ಒಂದೆರಡು ಇಂಚಿನೊಳಗೆ ಮಾತ್ರ. ಎಂಟು ಇಂಚಿನ ತೊಲೆಯ ನಡುಭಾಗ ಅದಕ್ಕೆ ಕಾಣುವುದಿಲ್ಲ. ಹೀಗಾಗಿ ಒಮ್ಮೆ ಆಡಿಸಿ ಮುಗಿಯುವ ಕೆಲಸ ಅಲ್ಲ ಇದು. ಪ್ರತಿ ಸಲ ಕೊಯ್ದಾಗಲೂ ಹೊಸದಾಗಿ ತೆರೆದುಕೊಂಡ ಮೈಗೆ ಮತ್ತೆ ಆಡಿಸಬೇಕು.

ಇನ್ನು ತಯಾರಿ. ಹೆಚ್ಚಿನವಕ್ಕೆ 9 ವೋಲ್ಟಿನ ಚೌಕ ಬ್ಯಾಟರಿ ಹಾಕಬೇಕು. ಬ್ಯಾಟರಿ ಸೊರಗಿದರೆ ಯಂತ್ರ ಕೂಗುವುದನ್ನು ನಿಲ್ಲಿಸುವ ಮುಂಚೆಯೇ ಅದರ ದೃಷ್ಟಿ ಮಂದವಾಗಬಹುದು. ಲೋ ಬ್ಯಾಟರಿ ದೀಪ ಹತ್ತಿದರೆ ಇನ್ನೊಂದು ತೊಲೆ ಮುಗಿಯಲಿ ಅಂತ ಕಾಯಬೇಡಿ. ಉಂಗುರ, ಗಡಿಯಾರ, ಕಡಗ ತೆಗೆದಿಡಿ. ಜೇಬಿನ ಅಳತೆ ಟೇಪೂ ಹೊರಗೆ. ಯಂತ್ರವನ್ನು ಗಾಳಿಯಲ್ಲಿ, ಲೋಹದಿಂದ ದೂರ ಹಿಡಿದು ಆನ್ ಮಾಡಿ, ಒಂದೆರಡು ಸೆಕೆಂಡು ಬಿಡಿ. ಕೆಲವು ಮಾದರಿಗಳು ಆನ್ ಆದ ಕೂಡಲೇ ಸುತ್ತಲಿನದಕ್ಕೆ ಹೊಂದಿಕೊಳ್ಳುತ್ತವೆ. ಕಬ್ಬಿಣದ ಟೇಬಲ್ ಮೇಲೆ ಆನ್ ಮಾಡಿದರೆ ಅವುಗಳ ಲೆಕ್ಕವೇ ತಪ್ಪುತ್ತದೆ.

ಮರ ಎಲ್ಲಿದೆ ಅನ್ನುವುದೂ ಮುಖ್ಯ. ಕಾಂಕ್ರೀಟ್ ನೆಲದೊಳಗೆ ಸರಳು ಇರುತ್ತದೆ. ತೊಲೆಯನ್ನು ಮರದ ದಿಮ್ಮಿಗಳ ಮೇಲೆ ಎರಡಡಿ ಎತ್ತಿಡಿ, ಕಬ್ಬಿಣದ ಸ್ಟ್ಯಾಂಡ್ ಬೇಡ. ಪಕ್ಕದಲ್ಲಿ ಮೋಟಾರು ಓಡುತ್ತಿದ್ದರೆ ನಿಲ್ಲಿಸಿ.

ಸೂಕ್ಷ್ಮತೆ ಹೊಂದಿಸಲು ನಾನು ಒಂದು ಪರೀಕ್ಷಾ ಹಲಗೆ ಇಟ್ಟುಕೊಂಡಿದ್ದೇನೆ. ಒಂದಿಂಚು ದಪ್ಪದ ಶುದ್ಧ ಹಲಗೆ. ಅದರ ಹಿಂಬದಿಗೆ ಒಂದಿಂಚಿನ ಮೊಳೆ ಒಂದು, ವೈರಿಂಗ್ ಕ್ಲಿಪ್ಪಿಗೆ ಹೊಡೆಯುವ ಪುಟ್ಟ ಮೊಳೆ ಒಂದು, ಎರಡನ್ನೂ ಗಮ್‌ಟೇಪಿನಿಂದ ಅಂಟಿಸಿದ್ದೇನೆ. ಮುಂಬದಿಯಿಂದ ಆಡಿಸಿದಾಗ ದೊಡ್ಡದು ಖಂಡಿತ ಕೂಗಬೇಕು, ಚಿಕ್ಕದು ಕೂಗುವಷ್ಟು ತಿರುಗಣೆ ಏರಿಸಬೇಕು. ಬರೀ ಗಾಳಿಯಲ್ಲೇ ಕಿರುಚತೊಡಗಿದರೆ ಸ್ವಲ್ಪ ಇಳಿಸಿ. ದಿನದ ಕೆಲಸ ಶುರುವಾಗುವ ಮುಂಚೆ ಪ್ರತಿ ಸಲ ಇದನ್ನು ಮಾಡಿ.

ಆಡಿಸುವ ಮುಂಚೆ ಕಣ್ಣಿಗೆ ಕೆಲಸ ಕೊಡಿ. ಕಬ್ಬಿಣ ಮತ್ತು ಮರದ ಒಗರು ಸೇರಿ ಮೊಳೆಯ ಸುತ್ತ ನೀಲಿಗಪ್ಪು ಕಲೆ ಆಗಿರುತ್ತದೆ. ಮನೆ ಕಟ್ಟಿದ ಬಗೆ ಗೊತ್ತಿದ್ದರೆ ಮೊಳೆ ಎಲ್ಲಿರುತ್ತದೆ ಅನ್ನುವುದೂ ಗೊತ್ತಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆ ಹೆಂಚು ಹೊದಿಸಿದ ಮನೆಯಾದರೆ ಪಕಾಸಿಯ ಮೇಲ್ಮೈಯಲ್ಲಿ ಸುಮಾರು ಅಡಿಗೊಂದರಂತೆ ರೀಪಿನ, ಅಂದರೆ ಹೆಂಚು ಕೂರುವ ಅಡ್ಡಪಟ್ಟಿಯ, ಮೊಳೆ ಸಾಲಾಗಿ ಸಿಗುತ್ತದೆ. ಸಾಲಿನಲ್ಲಿ ಒಂದು ಕಾಣದಿದ್ದರೆ ಅದು ತಲೆ ಮುರಿದು ಒಳಗಿದೆ ಅಂತಲೇ ಹುಡುಕಿ. ತೊಲೆಯ ನಡುವೆ ತೊಟ್ಟಿಲಿನ ಕೊಂಡಿ, ಕಂಬದಲ್ಲಿ ಎದೆಯೆತ್ತರಕ್ಕೆ ಕ್ಯಾಲೆಂಡರ್ ಮೊಳೆ. ಎಲ್ಲಕ್ಕಿಂತ ಕಾಟ ಕೊಡುವುದು ಕರೆಂಟು ಬಂದಾಗ ವೈರಿಂಗಿಗೆ ಹೊಡೆದ ಪುಟ್ಟ ಮೊಳೆಗಳು. ಮೇಲೆ ಬಣ್ಣ ಬಳಿದು ಮುಚ್ಚಿಹೋಗಿರುತ್ತವೆ.

ಕಣ್ಣಿಗೆ ಕಂಡದ್ದನ್ನೆಲ್ಲ ಮೊದಲು ಕಿತ್ತುಬಿಡಿ. ದೊಡ್ಡ ಕೊಂಡಿ ಅಲ್ಲೇ ಇದ್ದರೆ ಅದರ ಕೂಗಿನಲ್ಲಿ ಪಕ್ಕದ ಸಣ್ಣ ಮೊಳೆಯ ಕೂಗು ಮುಳುಗಿಹೋಗುತ್ತದೆ. ಮಣ್ಣು ಉಜ್ಜಲು ತೆಂಗಿನ ನಾರಿನ ಬ್ರಷ್ ಸಾಕು. ತಂತಿ ಬ್ರಷ್ಷಿನ ಎಳೆ ಬಿರುಕಿನಲ್ಲಿ ಸಿಕ್ಕಿಕೊಂಡರೆ ಅದಕ್ಕೂ ಯಂತ್ರ ಕೂಗುತ್ತದೆ.

ಈಗ ಆಡಿಸಿ. ಮರಕ್ಕೆ ತಾಗಿಯೂ ತಾಗದ ಹಾಗೆ ಹಿಡಿದು, ನಿಧಾನವಾಗಿ, ಹಿಂದಿನ ಪಟ್ಟೆಯ ಅರ್ಧ ಮತ್ತೆ ಸೇರುವಂತೆ. ನಾಲ್ಕೂ ಮುಖ, ಎರಡೂ ತುದಿ. ಶೆಡ್ಡಿನಲ್ಲಿ ಸದ್ದು ಜಾಸ್ತಿ ಇದ್ದರೆ ವೈಬ್ರೇಟ್‌ಗೆ ಹಾಕಿಕೊಳ್ಳಿ, ಕೈಗೇ ಗೊತ್ತಾಗುತ್ತದೆ. ಕೂಗಿದ ಕಡೆ ನಿಲ್ಲಿಸಿ, ಎಡದಿಂದ ಬರುವಾಗ ಎಲ್ಲಿ ಶುರುವಾಯಿತು ಅಂತ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ, ಬಲದಿಂದ ಬಂದು ಇನ್ನೊಂದು. ಮೇಲಿಂದ, ಕೆಳಗಿಂದಲೂ ಹಾಗೇ. ನಾಲ್ಕು ಗೆರೆಗಳ ನಡುವೆ ಮೊಳೆ ಇದೆ. ಪಕ್ಕದ ಮುಖದಿಂದಲೂ ಆಡಿಸಿ ನೋಡಿ. ಅಲ್ಲೂ ಕೂಗಿದರೆ ಆ ಅಂಚಿಗೆ ಹತ್ತಿರ ಇದೆ ಎಂದರ್ಥ. ಆಮೇಲೆ ದಾರಕ್ಕೆ ಕಟ್ಟಿದ ಅಯಸ್ಕಾಂತ ಇಳಿಬಿಡಿ. ಎಳೆದರೆ ಕಬ್ಬಿಣ. ಎಳೆಯದಿದ್ದರೆ ಹಿತ್ತಾಳೆ ಇರಬಹುದು, ಆಳದ ಕಬ್ಬಿಣವೂ ಇರಬಹುದು.

ಉಳಿಯಿಂದ ಸುತ್ತ ಸ್ವಲ್ಪ ಬಿಡಿಸಿ ಇಕ್ಕಳದಲ್ಲಿ ಎಳೆಯಿರಿ, ತಲೆ ಇಲ್ಲದ್ದನ್ನು ಪಂಚ್ ಇಟ್ಟು ಹಿಂದಿನಿಂದ ಹೊಡೆಯಿರಿ. ಕಣ್ಣು ಕಾಯುವ ಕನ್ನಡಕ ಹಾಕಿಕೊಂಡೇ. ತೆಗೆದ ಮೇಲೆ ಆ ತೂತಿನ ಮೇಲೆ ಮತ್ತೆ ಆಡಿಸಿ. ತುಕ್ಕು ಹಿಡಿದ ಮೊಳೆ ಅರ್ಧಕ್ಕೆ ಮುರಿದು ಉಳಿಯುವುದು ಸಾಮಾನ್ಯ.

ಬಾಗಿಲ ಚೌಕಟ್ಟು ಕಳಚಿದಾಗ ಹೊಸ್ತಿಲ ಕೆಳಗೆ ನಾಣ್ಯ, ಪಂಚಲೋಹ ಸಿಗುವುದುಂಟು. ಹೊಸ್ತಿಲು ಕೂರಿಸುವಾಗ ಪೂಜೆ ಮಾಡಿ ಇಟ್ಟದ್ದು ಅದು. ಆ ಮನೆಯವರಿಗೆ ಮುಟ್ಟಿಸಿಬಿಡಿ. ಈ ಯಂತ್ರ ಹಿಡಿದು ನಿಧಿ ಹುಡುಕೋಣ ಅನ್ನುವವರ ಜೊತೆ ಹೋಗಲೇಬೇಡಿ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನೇ ಇದೆ.

ಕಲ್ಲು, ಗಾಜು, ಹಳೆ ವೈರಿಂಗಿನ ಪಿಂಗಾಣಿ ಬಿಲ್ಲೆಯ ಚೂರು ಇದಕ್ಕೆ ತಿಳಿಯುವುದಿಲ್ಲ. ರಸ್ತೆ ಬದಿಯ ಮರದ ದಿಮ್ಮಿ ಬಂದರೆ ಇನ್ನೂ ಎಚ್ಚರ ಬೇಕು. ಬೋರ್ಡಿಗೆ ಹೊಡೆದ ಮೊಳೆಯನ್ನು ಮರ ಬೆಳೆಯುತ್ತ ನುಂಗಿ, ಹೊರಗೆ ಗುರುತೇ ಇರುವುದಿಲ್ಲ. ಅಂಥದ್ದನ್ನು ಮಿಲ್ಲಿಗೆ ಕೊಡುವಾಗ ಎರಡು ಇಂಚಿನಂತೆ ತೆಳುವಾಗಿ ಕೊಯ್ಯಲು ಹೇಳಿ, ಪ್ರತಿ ಕೊಯ್ತಕ್ಕೂ ನೀವೇ ನಿಂತು ಆಡಿಸಿ. ಮಿಲ್ಲಿನವರು ಮೊದಲು ಗೊಣಗುತ್ತಾರೆ, ಒಂದು ಮೊಳೆ ಸಿಕ್ಕ ಮೇಲೆ ಅವರೇ ನಿಲ್ಲಿಸಿ ಕರೆಯುತ್ತಾರೆ. ಹಲಗೆ ಪ್ಲೇನರಿಗೆ ಹೋಗುವ ಮುಂಚೆ ಕೊನೆಯದೊಂದು ಸಲ, ಎರಡೂ ಮುಖಕ್ಕೆ.

ಮಳೆಗಾಲದಲ್ಲಿ ಕೆಲಸ ಕಡಿಮೆ ಇದ್ದಾಗ ಬ್ಯಾಟರಿ ಹೊರಗೆ ತೆಗೆದಿಡಿ. ನಮ್ಮ ಕಡೆಯ ಥಂಡಿಗೆ ಅದು ಸೋರಿ ಒಳಗಿನ ಸ್ಪ್ರಿಂಗ್ ಹಸಿರುಗಟ್ಟುತ್ತದೆ.