ಲಾಡ್ಜ್ ವೈ-ಫೈ, ಸ್ಟೇಷನ್ ವೈ-ಫೈ: ಮೊಬೈಲಿನ ಜಾಡು ಮುಚ್ಚುವ ಬಗೆ

ರಾಯಚೂರು ಸ್ಟೇಷನ್ನಾಗಲಿ, ಗಂಗಾವತಿಯ ಲಾಡ್ಜಾಗಲಿ, ಬಳ್ಳಾರಿಯ ಪಿಜಿಯಾಗಲಿ, ನಿಮ್ಮ ವಾಟ್ಸಾಪ್ ಮಾತನ್ನು ವೈ-ಫೈ ಮಾಲೀಕ ಓದಲಾರ. ಆದರೆ ಯಾವ ಸರ್ವರಿಗೆ, ಯಾವಾಗ, ಎಷ್ಟು ಡೇಟಾ ಹೋಯಿತೆಂಬುದು ಅವನಿಗೆ ಕಾಣುತ್ತದೆ. ಚಾಟ್ ಪ್ಯಾಕೆಟ್‌ಗಳು ಚಿಕ್ಕವು, ಬಿಟ್ಟುಬಿಟ್ಟು ಬರುತ್ತವೆ. ವಿಡಿಯೋ ಕರೆ ಎರಡೂ ಕಡೆ ಎಡೆಬಿಡದೆ ಹರಿಯುತ್ತದೆ. ಇಷ್ಟು ಸಾಕು, ಏನು ನಡೆದಿದೆ ಎಂದು ಊಹಿಸಲು.

ಮೊದಲು ಫೋನಿನ ಗುರುತು, ಅಂದರೆ ವೈ-ಫೈಗೆ ಕಾಣುವ ‘ಮ್ಯಾಕ್’ ಎಂಬ ಸಂಖ್ಯೆ. ಆಂಡ್ರಾಯ್ಡ್ 10ರಿಂದ ಈಚೆಗೆ ವೈ-ಫೈ ಹೆಸರಿನ ಪಕ್ಕದ ಗೇರ್ ಒತ್ತಿ, ಪ್ರೈವಸಿಯಲ್ಲಿ ರ್‍ಯಾಂಡಮೈಸ್ಡ್ ಮ್ಯಾಕ್ (ಬದಲಿ ಸಂಖ್ಯೆ) ಇಡಿ. ಐಒಎಸ್ 14ರಿಂದ ಐಫೋನಿನಲ್ಲಿ ಪ್ರೈವೇಟ್ ವೈ-ಫೈ ಅಡ್ರೆಸ್. ವೈ-ಫೈ ಲಾಗಿನ್ನಿನ ಒಟಿಪಿಗೆಂದು ನಂಬರ್ ಕೊಟ್ಟ ಮೇಲೆ ಮಾಲೀಕನ ಮುಂದೆ ಇದು ವ್ಯರ್ಥ. ಪಕ್ಕದಲ್ಲಿ ಕೂತು ಸಿಗ್ನಲ್ ಹಿಡಿಯುವವರಿಗೆ ಮಾತ್ರ ಗುರುತು ಸಿಗದು.

ಮನೆಯ ರೌಟರ್ ಹೆಸರನ್ನು ‘ಹಿಡನ್’ ಮಾಡಿ ಜಾಣರಾದೆವೆಂದುಕೊಳ್ಳುವವರು ಬಹಳ. ಅದು ತಿರುಗುಬಾಣ: ರೌಟರ್ ಹೆಸರು ಹೇಳದ್ದರಿಂದ ಫೋನೇ ಹೋದಲ್ಲೆಲ್ಲ ಆ ಹೆಸರು ಕೂಗಿ ಹುಡುಕುತ್ತದೆ. ಹಿಡನ್ ತೆಗೆಯಿರಿ. ಪಾಸ್‌ವರ್ಡ್ ಇಲ್ಲದ ಹಳೆಯ ಹೋಟೆಲ್ ವೈ-ಫೈಗಳನ್ನೂ ‘ಫರ್ಗೆಟ್’ ಮಾಡಿ. ಅದೇ ಹೆಸರಿನ ನಕಲಿ ಹಾಟ್‌ಸ್ಪಾಟಿಗೆ ಫೋನು ತಾನಾಗಿ ಅಂಟಿಕೊಳ್ಳಬಹುದು.

ಸೈಟಿನ ಹೆಸರು ಕೊಟ್ಟು ಅದರ ಸಂಖ್ಯೆಯ ವಿಳಾಸ ಕೇಳುವ ವಿಚಾರಣೆಯೇ ಡಿಎನ್‌ಎಸ್. ಅದನ್ನು ಗೂಢಲಿಪಿಯಲ್ಲಿ ಕಳಿಸುವ, ಆಂಡ್ರಾಯ್ಡ್ 9ರಿಂದ ಇರುವ ಪ್ರೈವೇಟ್ ಡಿಎನ್‌ಎಸ್ ಆನ್ ಮಾಡಿ. ಇದು ಸಾಮಾನ್ಯವಾಗಿ 853ನೇ ಪೋರ್ಟ್ (ಸಂಪರ್ಕದ ಬಾಗಿಲು) ಬಳಸುತ್ತದೆ. ರೌಟರ್ ಅದನ್ನು ತಡೆದಿದ್ದರೆ ‘ನೋ ಇಂಟರ್‌ನೆಟ್’ ಬರುತ್ತದೆ, ಆಗ ಆಟೊಮ್ಯಾಟಿಕ್‌ಗೆ ಮರಳಿ. ಇಷ್ಟಾದರೂ ಸಂಪರ್ಕ ಶುರುವಾಗುವಾಗ ಬಹುತೇಕ ಸೈಟುಗಳ ಹೆಸರು ಬಯಲಾಗಿಯೇ ಹೋಗುತ್ತದೆ. ಅದನ್ನು ಮುಚ್ಚಲು, ಡೇಟಾವನ್ನೆಲ್ಲ ಗೂಢಲಿಪಿಯಲ್ಲಿ ತನ್ನ ಸರ್ವರಿನ ಮೂಲಕ ಒಯ್ಯುವ ವಿಪಿಎನ್ ಬೇಕು.

ವಿಪಿಎನ್ ಸೆಟ್ಟಿಂಗಿನಲ್ಲಿ ‘ಆಲ್ವೇಸ್ ಆನ್’, ‘ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್’ ಎರಡನ್ನೂ ಒತ್ತಿ. ಒಟಿಪಿ ಪುಟ ತೆರೆಯದಿದ್ದರೆ ಬ್ಲಾಕ್ ತೆಗೆದು, ಲಾಗಿನ್ ಆಗಿ, ತಕ್ಷಣ ಮತ್ತೆ ಹಾಕಿ. ಮರೆತರೆ ವಿಪಿಎನ್ ಕಡಿದಾಗಲೆಲ್ಲ ಡೇಟಾ ಹೊರಗೆ ಸೋರುತ್ತದೆ. ಒಂದು ಮಾತು: ಲಾಡ್ಜಿನವನಿಗೆ ಕಾಣದ್ದು ಇನ್ನು ವಿಪಿಎನ್ ಕಂಪನಿಗೆ ಕಾಣುತ್ತದೆ. ಗ್ರಾಹಕರ ಹೆಸರು, ವಿಳಾಸಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ವಿಪಿಎನ್ ಕಂಪನಿಗಳಿಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಸೂಚಿಸಿದೆ. ಬಿಟ್ಟಿ ವಿಪಿಎನ್ ಅಂತೂ ಬೇಡವೇ ಬೇಡ.

ವಿಪಿಎನ್ ಒಳಗೂ ಗಾತ್ರ, ಸಮಯದ ಜಾಡು ಉಳಿಯುತ್ತದೆ. ಹಲವು ಸರ್ವರುಗಳ ಮೂಲಕ ಸುತ್ತಿಸುವ ಟಾರ್ ಜಾಲ ಎಲ್ಲವನ್ನೂ 514 ಬೈಟಿನ ಸಮಗಾತ್ರದ ಸೆಲ್‌ಗಳಾಗಿ ಕಳಿಸುವುದರಿಂದ ಊಹೆ ಕಷ್ಟ, ವೇಗವೂ ಕಡಿಮೆ. ಎರಡೂ ತುದಿ ಕಾಯುವವರು ಸಮಯ ಹೊಂದಿಸಿ ನೋಡಿದರೆ ಟಾರ್ ಕೂಡ ಉಳಿಸದು.

ಕರೆಯ ಆ ಬದಿಯವರಿಗೆ ನಿಮ್ಮ ಐಪಿ (ಇಂಟರ್‌ನೆಟ್ ವಿಳಾಸ) ಕಾಣದಿರಲು ವಾಟ್ಸಾಪಿನಲ್ಲಿ ಪ್ರೈವಸಿ, ಅಡ್ವಾನ್ಸ್ಡ್‌ಗೆ ಹೋಗಿ ‘ಪ್ರೊಟೆಕ್ಟ್ ಐಪಿ ಅಡ್ರೆಸ್ ಇನ್ ಕಾಲ್ಸ್’ ಹಾಕಿ. ಕರೆಯ ದನಿ ತುಸು ಕೆಡಬಹುದು.

ಮೊಬೈಲ್ ಡೇಟಾದಲ್ಲಿ ಯಾವ ಟವರಿನಡಿ ಇದ್ದೀರಿ ಎಂಬುದನ್ನು ಕಂಪನಿಯಿಂದ ಯಾವ ಆ್ಯಪೂ ಮುಚ್ಚಿಡದು. ಏರೋಪ್ಲೇನ್ ಮೋಡ್ ಒಂದೇ ದಾರಿ. ಆಂಡ್ರಾಯ್ಡ್ 12ರಿಂದ ಕೆಲವು ಫೋನುಗಳಲ್ಲಿ 2ಜಿ ಆಫ್ ಮಾಡಿ ನಕಲಿ 2ಜಿ ಟವರಿನಿಂದ ತಪ್ಪಿಸಿಕೊಳ್ಳಬಹುದು. 2ಜಿ ಮಾತ್ರ ಸಿಗುವ ಹಳ್ಳಿಗೆ ಹೊರಟರೆ ಮೊದಲೇ ಆನ್ ಮಾಡಿಕೊಳ್ಳಿ, ಇಲ್ಲವಾದರೆ ತುರ್ತು ಕರೆ ಬಿಟ್ಟು ಬೇರೆ ಕರೆ ಹೋಗದು.