ಗ್ರೀಸ್ ಅಲ್ಲ, ಗೇರ್ ಎಣ್ಣೆ: ಹೆರಾಲ್ಡ್‌ನ ಮುಂಗಾಲು ನಾನೇ ಕಟ್ಟಿದ್ದು

ನನ್ನ ಹಳೆಯ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್ ಹೊಸ ಟ್ರನಿಯನ್‌ಗಳ (ಸ್ಟೀರಿಂಗ್ ತಿರುವಿದಾಗ ಮುಂದಿನ ಚಕ್ರ ತಿರುಗಲು ಕೆಳಗೆ ಆಧಾರವಾಗುವ, ಥ್ರೆಡ್ ಇರುವ ಹಿತ್ತಾಳೆಯ ತುಂಡುಗಳು) ಮೇಲೆ ಹೆಚ್ಚುಕಡಿಮೆ 4,000 ಕಿ.ಮೀ. ಓಡಿದೆ. "ಮೊಬೈಲ್ ನೋಡಿಕೊಂಡು ಬಿಚ್ಚುತ್ತೀರಾ ಸ್ವಾಮಿ? ಬಿಚ್ಚಿ. ತಳ್ಳಿಕೊಂಡು ಇಲ್ಲಿಗೇ ಬರುತ್ತೀರಿ" ಎಂದಿದ್ದ ಮೇಸ್ತ್ರಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ ಎಂದುಕೊಂಡರೂ ತಪ್ಪಿಲ್ಲ.

ಗಾಡಿ ತಯಾರಾದದ್ದು ಮದ್ರಾಸಿನಲ್ಲಿ, ಆದರೆ ಮೈಕಟ್ಟೆಲ್ಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ನದೇ. 948 ಸಿಸಿ, ಎರಡು ಬಾಗಿಲು. ಅಲ್ಲಿನವರ ವಿಡಿಯೊ ಹಾಗೆಯೇ ಹೊಂದುತ್ತದೆ. ಬಾನೆಟ್ಟನ್ನು ಮುಂದಕ್ಕೆ ಮಗುಚಿ, ಟೈರಿನ ಮೇಲೆ ಕುಳಿತು ಕಾಫಿ ಕುಡಿಯುತ್ತ ಎಂಜಿನ್ ಕೆಲಸ ಮಾಡುವ ಸುಖ ಬೇರೆ ಯಾವ ಗಾಡಿಯಲ್ಲಿದೆ?

ಹಿಂದಿನ ಮಾಲೀಕರೆಲ್ಲ ಕೆಳಗಿನ ಟ್ರನಿಯನ್‌ಗೆ ಗ್ರೀಸ್ ಗನ್ ಹಿಡಿದವರು. ಅಲ್ಲಿ ಬೇಕಾದದ್ದು ಇಪಿ 90 ಗೇರ್ ಎಣ್ಣೆ. ಗ್ರೀಸ್ ಒಳಗೆ ಗಟ್ಟಿಯಾಗಿ ಕೂತು ಥ್ರೆಡ್ಡಿನ ತಳಕ್ಕೆ ಇಳಿಯುವುದೇ ಇಲ್ಲ. ಮಳೆ ನೀರು ಮಾತ್ರ ಸಲೀಸಾಗಿ ಇಳಿಯುತ್ತದೆ. ಚಕ್ರವನ್ನು ಹಿಡಿದು ಟ್ರನಿಯನ್ನಿನೊಳಗೆ ತಿರುಗಿ ಕೂರುವ ಉಕ್ಕಿನ ಕಂಬ, ಅಂದರೆ ವರ್ಟಿಕಲ್ ಲಿಂಕ್, ಸದ್ದಿಲ್ಲದೆ ತುಕ್ಕು ತಿಂದು, ಒಂದು ದಿನ ತಿರುವಿನಲ್ಲಿ ಮುರಿದು ಚಕ್ರ ಮಲಗಿಬಿಡುತ್ತದೆ. ನನ್ನದು ಅಲ್ಲಿಯವರೆಗೆ ಹೋಗಿರಲಿಲ್ಲ. ಸ್ಟೀರಿಂಗ್ ಮಾತ್ರ ಹತ್ತು ಜನರ ಮುದ್ದೆ ತಿರುವಿದಷ್ಟು ಬಿಗಿಯಾಗಿತ್ತು.

ಮೊದಲ ಪೆಟ್ಟು ತಿಂದದ್ದು ಅಮೆರಿಕದ ವಿಡಿಯೊದಿಂದ. ಟ್ರಯಂಫ್‌ನದೇ ಸ್ಪೋರ್ಟ್ಸ್ ಕಾರು ಸ್ಪಿಟ್‌ಫೈರ್‌ಗೂ ಇದೇ ಮುಂಗಾಲಿನ ಜೋಡಣೆ ಎಂದು ಧೈರ್ಯವಾಗಿ ನೋಡಿದೆ. ಆತ "ಡ್ರೈವರ್ ಕಡೆಯದು ಉಲ್ಟಾ ಥ್ರೆಡ್" ಎಂದ, ಅಂದರೆ ಬಿಚ್ಚಲು ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ನಾನು ನನ್ನ ಡ್ರೈವರ್ ಕಡೆಗೆ ಹೋದೆ. ಅವನ ಡ್ರೈವರ್ ಕೂರುವುದು ಎಡಕ್ಕೆ! ಅಲುಗದಿದ್ದಾಗ ತುಕ್ಕು ಎಂದುಕೊಂಡು, ಹಿಡಿಗೆ ಪೈಪ್ ತೂರಿಸಿ ಮೈಭಾರ ಹಾಕಿದೆ. ಥ್ರೆಡ್ ಕಿತ್ತುಹೋಯಿತು. ಬದಲಿ ಲಿಂಕ್ ಕೊಯಮತ್ತೂರಿನ ಗುಜರಿಯಿಂದ ಬಂತು, ಸುಮಾರು 3,500 ರೂಪಾಯಿ. ಹಿತ್ತಾಳೆಯ ಟ್ರನಿಯನ್ ಜೋಡಿ ಇಂಗ್ಲೆಂಡಿನಿಂದಲೇ ಬರಬೇಕಾಯಿತು. ಸಾಗಣೆ, ಸುಂಕ ಸೇರಿ 14-15 ಸಾವಿರ. ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದದ್ದಕ್ಕೆ ಸಿಕ್ಕಿದ್ದು ಬಿಸಿಲು.

ಟ್ರನಿಯನ್ನನ್ನು ಹಿಡಿದಿಡುವ ಕೆಳಗಿನ ಬೋಲ್ಟ್ ತನ್ನ ಕೊಳವೆಯೊಳಗೆ (ಸ್ಲೀವ್) ಕಚ್ಚಿಕೊಂಡಿತ್ತು. ವಿಡಿಯೊದವರೆಲ್ಲ ಗರಗಸದಲ್ಲಿ ಕತ್ತರಿಸುತ್ತಾರೆ. ನಾನು ಕತ್ತರಿಸದೆ ತೆಗೆದೆ, ಎರಡೂ ಕಡೆ. ಹೇಗೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಜೋಡಿಸಿ ಬೀದಿಗೆ ಇಳಿಸಿದರೆ ಬಲಕ್ಕೆ ಪೂರ್ತಿ ತಿರುಗುತ್ತಿಲ್ಲ. ಅಂಗೈಯಗಲದಲ್ಲಿ ತಿರುಗುವ ಗಾಡಿ ಎಂದು ಹೆಸರಾದ ಹೆರಾಲ್ಡ್, ನಮ್ಮ ಕ್ರಾಸಿನಲ್ಲಿ ಮೂರು ಸಲ ರಿವರ್ಸ್ ಕೇಳಿತು. ಮೇಸ್ತ್ರಿ ಅಂಗಡಿಯ ಮುಂದೆಯೇ! ತಪ್ಪು ನನ್ನದು: ಟ್ರನಿಯನ್ನನ್ನು ತಳಮುಟ್ಟ ಬಿಗಿದು ಅಲ್ಲಿಯೇ ಬಿಟ್ಟಿದ್ದೆ. ತಳ ಮುಟ್ಟಿಸಿದ ಮೇಲೆ ಒಂದು ಸುತ್ತಿನೊಳಗೆ ಹಿಂದಕ್ಕೆ ತಂದು ಸರಿಹೊಂದಿಸಬೇಕು. ವಿಡಿಯೊದವನು ಇದನ್ನು ಅರ್ಧ ವಾಕ್ಯದಲ್ಲಿ ಹೇಳಿ ಮುಗಿಸಿದ್ದಾನೆ. ಅದೇ ಹೊತ್ತಿಗೆ ನಾನು ಸ್ಪ್ಯಾನರ್ ಹುಡುಕುತ್ತಿದ್ದೆ. ಮತ್ತೆ ಬಿಚ್ಚಿದ್ದಾಯಿತು, ಇನ್ನೊಂದು ಭಾನುವಾರ ಹೋಯಿತು.

ನಡುವೆ ಇನ್ನೊಂದು ಹುಚ್ಚು. ತುಕ್ಕು ಬಿಡಿಸಲು ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ನೀರಿನಲ್ಲಿ ನೆನೆಸಬೇಕೆಂದು ಇಂಗ್ಲೆಂಡಿನವನೊಬ್ಬ ತೋರಿಸಿದ. ಮಂಡ್ಯದ ಕಡೆಯವನಿಗೆ ಕಾಕಂಬಿಯ ಪಾಠ! ದನಕ್ಕೆ ಹಾಕುವ ಕಾಕಂಬಿಯನ್ನು ಒಂದಕ್ಕೆ ಒಂಬತ್ತು ನೀರಿನಂತೆ ಡ್ರಮ್ಮಿನಲ್ಲಿ ಕಲಸಿ ಬ್ರಾಕೆಟ್, ಬೋಲ್ಟುಗಳನ್ನು ಎರಡು ವಾರ ಮುಳುಗಿಸಿದೆ. ಹೊರಗೆ ತೆಗೆದಾಗ ಬೂದುಬಣ್ಣದ ಶುದ್ಧ ಕಬ್ಬಿಣ. ಇದೇ ಉಮೇದಿನಲ್ಲಿ ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪಿನ ಎರಕದ ಮೈಯನ್ನೂ ಹಾಕಿ ಕೆಡಿಸಿಕೊಂಡೆ. ಕಾಕಂಬಿ ನೀರು ಅಲ್ಯೂಮಿನಿಯಂ ಜಾತಿಯ ಲೋಹವನ್ನು ತಿನ್ನುತ್ತದೆ. ಹುಳಿವಾಸನೆಗೆ ಮನೆಯವಳು ನಾಲ್ಕು ದಿನ ಮಾತು ಬಿಟ್ಟಳು. ಇರುವೆಗಳು ಇನ್ನೂ ಹೋಗಿಲ್ಲ.

ಒಟ್ಟು ಖರ್ಚು 23 ಸಾವಿರದ ಆಸುಪಾಸು, ಪಂಪು ಬೇರೆ. ಈಗ ಎರಡು ಸಾವಿರ ಕಿ.ಮೀ.ಗೊಮ್ಮೆ, ಮೇಲಿನಿಂದ ಹೊಸ ಎಣ್ಣೆ ಉಕ್ಕುವವರೆಗೆ ಗನ್ ಒತ್ತುತ್ತೇನೆ. ಮೊದಲ ಸಲ ಮಸಿಯಂಥದ್ದು ಬಂತು, ಕಳೆದ ಸಲ ಜೇನುಬಣ್ಣದ್ದು. ಮೊನ್ನೆ ಮೇಸ್ತ್ರಿ ಸ್ಟೀರಿಂಗನ್ನು ಎರಡು ಬೆರಳಿನಲ್ಲಿ ಆಡಿಸಿ ನೋಡಿ, ಏನೂ ಹೇಳದೆ, ಬಾನೆಟ್ ಎತ್ತಿ ಕಾರ್ಬ್ಯುರೇಟರಿನಲ್ಲಿ ತಪ್ಪು ಹುಡುಕತೊಡಗಿದ.